ಅವನ ಮಗ್ಗದ ಮುಂದೆ ನಾನು ನಿಂತ ಅರ್ಧ ಗಂಟೆ

ನಮ್ಮೂರಿನ ಶಾಲೆಗಳಲ್ಲಿ ಕ್ರೀಡಾ ದಿನಾಚರಣೆ ಬಂತೆಂದರೆ ನನ್ನನ್ನು ಕರೆಯುತ್ತಾರೆ. ಒಂದು ಹಾರ, ಒಂದು ಪ್ಲಾಸ್ಟಿಕ್ ಕುರ್ಚಿ, ಕೀರಲು ಮೈಕು. ನಿರೂಪಣೆ ಮಾಡುವವರು ಪ್ರತಿಸಲವೂ ಅದೇ ಮಾತು ಓದುತ್ತಾರೆ: ‘ತಮ್ಮ ಮನೆಯ ಮಗ್ಗದಲ್ಲಿ ಕೂಲಿಗಿದ್ದ ಗೆಳೆಯನಿಗಾಗಿ ಫೈನಲ್ ಪಂದ್ಯವನ್ನೇ ಬಿಟ್ಟುಕೊಟ್ಟ ತ್ಯಾಗಮಯಿ.’ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಓದಿದವರ ಮೇಲೆ ಅಲ್ಲ. ಪಾಪ, ಯಾರೋ ಬರೆದುಕೊಟ್ಟಿದ್ದನ್ನು ಓದುತ್ತಾರೆ. ಎದ್ದು ನಿಂತು ‘ಪೂರ್ತಿ ಕೇಳಿ ಕಣ್ರಪ್ಪಾ’ ಅನ್ನಬೇಕು ಅನ್ನಿಸುತ್ತದೆ. ಇಲ್ಲಿಯವರೆಗೆ ಒಂದು ಸಲವೂ ಅಂದಿಲ್ಲ. ಹಾರ ಹಾಕಿಸಿಕೊಂಡು, ಕೈಮುಗಿದು, ಬಿಸ್ಕತ್ತು ತಿಂದು ಬಂದಿದ್ದೇನೆ. ನನ್ನ ಮೇಲಿನ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಶುರುವಿನಲ್ಲಿ ದೊಡ್ಡಬಳ್ಳಾಪುರದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಗಡಿಯಾರ ನೋಡಿ ಆಡುತ್ತಿರಲಿಲ್ಲ, ಕರೆಂಟು ನೋಡಿ ಆಡುತ್ತಿತ್ತು. ಆಡುವವರಲ್ಲಿ ಮುಕ್ಕಾಲು ಪಾಲು ಪವರ್‌ಲೂಮ್ ಮನೆಯವರು. ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಹುಟ್ಟಿದಾಗಿನಿಂದ ಆ ಟಕಟಕ ಸದ್ದಿನಲ್ಲೇ ಬೆಳೆದವರಿಗೆ ಅದು ನಿಂತರೆ ಎಚ್ಚರವಾದ ಹಾಗೆ. ಕೈಗಂಟಿದ ನೂಲಿನ ದೂಳನ್ನು ಲುಂಗಿಗೆ ಒರೆಸಿಕೊಂಡು ಶಾಲೆಯ ಹಿಂದಿನ ಸಿಮೆಂಟು ಕೋರ್ಟಿಗೆ ಓಡುತ್ತಿದ್ದೆವು. ರಿಂಗಿಗೆ ಬಲೆ ಬೇಕೆಂದರೆ ಅಂಗಡಿಗೆ ಹೋಗುತ್ತಿರಲಿಲ್ಲ, ವೇಸ್ಟ್ ನೂಲನ್ನೇ ಹೆಣೆದು ಕಟ್ಟುತ್ತಿದ್ದೆವು. ಒಂದು ವರ್ಷ ಬಲೆ ಗುಲಾಬಿ, ಇನ್ನೊಂದು ವರ್ಷ ಗಿಳಿಹಸಿರು, ಆ ಸೀಸನ್ನಿನಲ್ಲಿ ಯಾವ ಬಣ್ಣದ ಸೀರೆ ಓಡುತ್ತಿತ್ತೋ ಅದು. ಕರೆಂಟು ಬಂದ ಸದ್ದು ಕೇಳಿದ್ದೇ ಆಟ ಅಲ್ಲಿಗೇ ಬಿಟ್ಟು ಎಲ್ಲರೂ ಮನೆಗೆ. ಚೆಂಡು ಗಾಳಿಯಲ್ಲಿದ್ದರೂ ಸರಿ, ಅದು ಬಿದ್ದಾಗ ಹಿಡಿಯಲು ಕೋರ್ಟಿನಲ್ಲಿ ಜನ ಇರುತ್ತಿರಲಿಲ್ಲ.

ಆ ತಂಡಕ್ಕೆ ನಾನೇ ಹೀರೋ. ಸುಮ್ಮನೆ ವಿನಯ ತೋರಿಸುವುದಿಲ್ಲ. ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದೆ. ಎಲ್ಲಿಂದ ಎಸೆದರೂ ರಿಂಗಿಗೆ ಬೀಳುತ್ತಿತ್ತು. ಟೀ ಅಂಗಡಿಯಲ್ಲಿ ನನಗೆ ಬೆಂಚು ಬಿಟ್ಟುಕೊಡುತ್ತಿದ್ದರು. ಆದರೆ ಮೂರು ವರ್ಷ ಸತತವಾಗಿ ತಾಲ್ಲೂಕುಗಳ ಟೂರ್ನಮೆಂಟಿನ ಫೈನಲ್‌ಗೆ ಹೋಗಿ, ಮೂರು ವರ್ಷವೂ ಹೊಸಕೋಟೆಯವರ ಕೈಲಿ ಸೋತು ಬಂದಿದ್ದೆವು. ಮೂರು ಸಲವೂ ನಮ್ಮ ಕಡೆ ಅತಿ ಹೆಚ್ಚು ಪಾಯಿಂಟು ನನ್ನದೇ. ತಂಡ ಸೋತಿದ್ದು ಉಳಿದವರಿಂದ ಎಂದು ನಾನು ನಂಬಿದ್ದೆ. ಊರೂ ನಂಬಿತ್ತು.

ನಮ್ಮ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಒಂದು ಅಪ್ಪನದು, ಒಂದು ನನ್ನದು, ಇನ್ನೆರಡಕ್ಕೆ ಕೂಲಿಯವನು. ಆ ಕೂಲಿಯವನು ಸೂಲಿಬೆಲೆ ಕಡೆಯವನು, ತಾಯಿಯ ಜೊತೆ ಊರಿಗೆ ಬಂದು ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದ. ನನಗಿಂತ ಒಂದು ವರ್ಷ ದೊಡ್ಡವನು. ಆದರೂ ಶೆಡ್ಡಿನಲ್ಲಿ ನನ್ನನ್ನು ‘ಅಣ್ಣ’ ಅನ್ನುತ್ತಿದ್ದ, ಮಾಲೀಕರ ಮಗ ಅಂತ. ಕರೆಂಟು ಹೋದಾಗ ಅವನೂ ನಮ್ಮ ಜೊತೆ ಕೋರ್ಟಿಗೆ ಬರತೊಡಗಿದ. ಮೊದಮೊದಲು ಗೋಡೆಗೆ ಒರಗಿ ನೋಡುತ್ತಿದ್ದ. ಜನ ಕಡಿಮೆ ಬಿದ್ದ ಒಂದು ದಿನ ಇಳಿದ. ಆರು ತಿಂಗಳಲ್ಲಿ ನಮ್ಮನ್ನೆಲ್ಲ ಮೀರಿಸಿದ. ಉದ್ದನೆ ಕೈ, ಗಡಿಬಿಡಿ ಇಲ್ಲ, ನೆಲದಿಂದ ಎದ್ದರೆ ಇಳಿಯುವುದನ್ನೇ ಮರೆತವನ ಹಾಗೆ. ಕೋರ್ಟಿನಲ್ಲಿ ಮಾತ್ರ ನನ್ನನ್ನು ‘ಲೇ’ ಅನ್ನುತ್ತಿದ್ದ. ಆಟದಲ್ಲಿ ಎಲ್ಲರೂ ಹಾಗೇ ಕೂಗುವುದು, ನಾನೂ ಕೂಗುತ್ತಿದ್ದೆ. ಕರೆಂಟು ಬಂದು ಶೆಡ್ಡಿನ ಹೊಸ್ತಿಲು ದಾಟಿದರೆ ಮತ್ತೆ ‘ಅಣ್ಣ’. ನನಗೆ ಅದರಲ್ಲಿ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ನಾಲ್ಕನೇ ವರ್ಷದ ಟೂರ್ನಮೆಂಟು ನಮ್ಮೂರಲ್ಲೇ ಅಂತ ಗೊತ್ತಾದ ವಾರ ಪಿ.ಟಿ. ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. ನಮ್ಮ ತಂಡವನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು ಅವರು.

‘ನೋಡಪ್ಪಾ, ಇನ್ಮೇಲೆ ಬಾಲು ಹಾಕೋದು ನಿಮ್ಮ ಶೆಡ್ಡಿನ ಹುಡುಗ. ನೀನು ಅವನಿಗೆ ದಾರಿ ಬಿಡಿಸ್ಬೇಕು. ಅವನ ಹಿಂದೆ ಬರೋನಿಗೆ ಅಡ್ಡ ನಿಂತ್ಕೋ, ಬಾಲು ಸಿಕ್ರೆ ಅವನಿಗೆ ಕೊಡು.’

‘ನಾನು ಏನ್ ತಪ್ಪು ಮಾಡಿದ್ದೀನಿ ಸಾರ್?’

‘ತಪ್ಪಲ್ಲ ಕಣೋ. ನಿನ್ನೊಬ್ಬನನ್ನ ಹಿಡಿದ್ರೆ ಸಾಕು ಅಂತ ಹೊಸಕೋಟೆಯೋರಿಗೆ ಗೊತ್ತು. ಮೂರು ವರ್ಷ ಅದನ್ನೇ ಮಾಡಿದ್ರು.’

ನಾನು ಚೆಂಡನ್ನು ನೆಲಕ್ಕೆ ಬಡಿದು ಮನೆಗೆ ಬಂದುಬಿಟ್ಟೆ. ಎರಡು ದಿನ ಕರೆಂಟು ಹೋದರೂ ಕೋರ್ಟಿಗೆ ಹೋಗಲಿಲ್ಲ. ನಮ್ಮ ಮಗ್ಗದಲ್ಲಿ ಕೂಲಿಗೆ ನಿಂತವನಿಗೆ ನಾನು ಕೋರ್ಟಿನಲ್ಲಿ ದಾರಿ ಬಿಡಿಸಬೇಕೇ ಎಂದು ಒಳಗೇ ಕುದಿಯುತ್ತಿದ್ದೆ. ಬಾಯಿಬಿಟ್ಟು ಹಾಗೆ ಹೇಳಲು ನಾಚಿಕೆ, ಅದಕ್ಕೆ ‘ಮೇಷ್ಟ್ರಿಗೆ ಆಟ ಗೊತ್ತಿಲ್ಲ’ ಎಂದು ಮನೆಯಲ್ಲಿ ಕೂಗಾಡಿದೆ. ಅಮ್ಮ ಜಗಲಿಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ತಲೆ ಎತ್ತದೆ ಕೇಳಿದಳು: ‘ನೀನು ಆಡಕ್ಕೆ ಹೋಗ್ತೀಯೋ, ಹೊಗಳಿಸ್ಕೊಳಕ್ಕೆ ಹೋಗ್ತೀಯೋ?’ ನಾನು ಊಟದ ತಟ್ಟೆ ತಳ್ಳಿ ಎದ್ದುಹೋದೆ.

ಮೂರನೇ ದಿನ ಹೋದೆ. ಮನಸ್ಸು ಬದಲಾಗಿ ಅಲ್ಲ, ಮನೆಯಲ್ಲಿ ಕೂರಲಾಗದೆ.

ಅಡ್ಡ ನಿಲ್ಲುವುದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಓಡಿಬರುವವನ ದಾರಿಯಲ್ಲಿ ಕಂಬದ ಹಾಗೆ ನಿಲ್ಲಬೇಕು. ಅವನು ಎದೆಗೆ, ಪಕ್ಕೆಗೆ ಗುದ್ದುತ್ತಾನೆ. ಕಾಲು ಅಲ್ಲಾಡಿಸಿದರೆ ಫೌಲು. ಗುದ್ದಿಸಿಕೊಂಡ ಕ್ಷಣದಲ್ಲಿ ಹಿಂದೆ ಎಲ್ಲೋ ಚೆಂಡು ಬಲೆಗೆ ಬೀಳುತ್ತದೆ, ಜನ ಇನ್ನೊಬ್ಬನ ಹೆಸರು ಕೂಗುತ್ತಾರೆ. ಸ್ಕೋರು ಬರೆಯುವವನು ಪಾಯಿಂಟು ಮಾಡಿದವನ ನಂಬರನ್ನು ಬರೆಯುತ್ತಾನೆ, ಗುದ್ದಿಸಿಕೊಂಡವನಿಗೆ ಅಲ್ಲಿ ಜಾಗವೇ ಇಲ್ಲ. ವಾರ ಕಳೆಯುವುದರೊಳಗೆ ಪಕ್ಕೆ ಊದಿತ್ತು. ಮಾತು ಬೇರೆ ಕೇಳಬೇಕು. ‘ಏನಪ್ಪಾ, ಕೂಲಿಯವನಿಗೆ ಬಾಗಿಲು ಕಾಯ್ತಿದ್ದೀಯಂತೆ?’ ಎಂದು ಟೀ ಅಂಗಡಿಯಲ್ಲಿ ಒಬ್ಬ ಕೇಳಿದ. ಅವನ ಗ್ಲಾಸು ಕಿತ್ತುಕೊಂಡು ಚರಂಡಿಗೆ ಚೆಲ್ಲಿದೆ. ಆ ಬೆಂಚಿನಲ್ಲಿ ಆಮೇಲೆ ನನಗೆ ಯಾರೂ ಜಾಗ ಬಿಡಲಿಲ್ಲ.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನೆಲಮಂಗಲದವರ ಜೊತೆಗಿನ ಪಂದ್ಯದಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ ಎಂದು ಅವನು ತಿರುಗಿ ನೋಡಲೇ ಇಲ್ಲ. ನಾನಿದ್ದೇ ಇರುತ್ತೇನೆ ಎಂದು ಓಡಿದ. ನಾನಿದ್ದೆ. ಚೆಂಡು ಬಿತ್ತು. ಅಷ್ಟು ವರ್ಷ ನಾನೇ ಹಾಕಿದ ಯಾವ ಬಾಸ್ಕೆಟ್ಟಿಗೂ ಆಗದ ಖುಷಿ ಅದಕ್ಕೆ ಆಯಿತು. ಯಾರಿಗೂ ಹೇಳಲಿಲ್ಲ. ಸಿಟ್ಟು ಇಳಿದರೆ ಸೋತ ಹಾಗೆ ಎಂದು ಅದನ್ನು ಜೋಪಾನವಾಗಿ ಕಾಪಾಡಿಕೊಂಡೆ. ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ಲಿಗೆ ಬಂದೆವು. ಮತ್ತೆ ಹೊಸಕೋಟೆ.

ಫೈನಲ್ಲಿಗೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡದವರು ಬರುತ್ತಾರೆ, ಒಬ್ಬನನ್ನು ಆರಿಸಿಕೊಂಡು ಕೆಲಸ ಕೊಡುತ್ತಾರೆ ಎಂದು ಮೇಷ್ಟ್ರು ಹೇಳಿದ್ದರು. ತಿಂಗಳ ಸಂಬಳದ ಕೆಲಸ. ಕರೆಂಟು ಇದ್ದರೂ ಹೋದರೂ ಬರುವ ಸಂಬಳ. ನಮ್ಮ ಬೀದಿಯಲ್ಲಿ ಅದನ್ನು ಕಂಡವರೇ ಇರಲಿಲ್ಲ. ನನಗೂ ಅದರ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ಅದು ಸಿಗದಿದ್ದರೆ ನಾಲ್ಕು ಮಗ್ಗ ಇದ್ದವು. ಅವನಿಗೆ ಸಿಗದಿದ್ದರೆ ಆ ನಾಲ್ಕರಲ್ಲಿ ಎರಡರ ಮುಂದೆ ಜೀವಮಾನವಿಡೀ ನಿಲ್ಲುವುದು. ಅವನ ತಾಯಿ ಹಿಂದಿನ ದಿನ ನಮ್ಮಮ್ಮನ ಹತ್ತಿರ ಬಂದು, ‘ನಾಳೆ ಒಂದಿನ ಅವನನ್ನ ಮಗ್ಗಕ್ಕೆ ಕರೀಬೇಡಿ ಅಂತ ಯಜಮಾನರಿಗೆ ಹೇಳವ್ವಾ’ ಎಂದು ಕೇಳಿಕೊಂಡು ಹೋಗಿದ್ದಳು. ಅಮ್ಮ ಹೇಳಿದಳು. ಅಪ್ಪ, ‘ಕರೆಂಟು ಇಲ್ದಿರೋ ಹೊತ್ತಲ್ಲಿ ತಾನೇ ಮ್ಯಾಚು, ಆಡ್ಲಿ ಬಿಡು’ ಎಂದಿದ್ದ. ಬೆಂಗಳೂರಿನ ಅಂಗಡಿಯೊಂದಕ್ಕೆ ಮದುವೆ ಸೀರೆಗಳು ಸೋಮವಾರ ಹೋಗಬೇಕಿತ್ತು, ಆ ಬೇಸಿಗೆಯಲ್ಲಿ ಕರೆಂಟು ದಿನಕ್ಕೆ ಕೆಲವೇ ಗಂಟೆ.

ಪಂದ್ಯವನ್ನು ಇಟ್ಟಿದ್ದೇ ಲೋಡ್‌ಶೆಡ್ಡಿಂಗ್ ಹೊತ್ತಿಗೆ. ಊರಿಗೆ ಊರೇ ನೆರೆದಿತ್ತು. ಅಪ್ಪ ಕಾಂಪೌಂಡಿನ ಕಲ್ಲಿನ ಮೇಲೆ, ಇಸ್ತ್ರಿ ಅಂಗಿ ಹಾಕಿಕೊಂಡು, ಮುಂದಿನ ಸಾಲಿನಲ್ಲಿ. ಬೆಂಗಳೂರಿನಿಂದ ಬಂದವರಿಬ್ಬರು ಮೇಜಿನ ಪಕ್ಕ ನೋಟ್‌ಬುಕ್ ಹಿಡಿದು ಕೂತಿದ್ದರು. ನಾನು ಗುದ್ದಿಸಿಕೊಂಡೆ, ಅವನು ಹಾಕಿದ. ಕೊನೆಯ ಮೂರು ನಿಮಿಷ ಉಳಿದಾಗ ಒಂದು ಪಾಯಿಂಟಿನಿಂದ ಹಿಂದಿದ್ದೆವು. ಅವನ ಕೈಗೆ ಯಾರೋ ಹೊಡೆದು ಫೌಲ್ ಆಯಿತು, ಎರಡು ಫ್ರೀ ಥ್ರೋ ಸಿಕ್ಕಿತು. ಒಬ್ಬನೇ ಗೆರೆಯ ಹಿಂದೆ ನಿಂತು ಎಸೆಯಬೇಕು, ಯಾರೂ ತಡೆಯುವಂತಿಲ್ಲ. ಅವನು ಚೆಂಡನ್ನು ಎರಡು ಸಲ ನೆಲಕ್ಕೆ ಪುಟಿಸಿದ.

ಆಗ ಕರೆಂಟು ಬಂತು. ಒಂದು ಗಂಟೆ ಮೊದಲೇ.

ಮೊದಲು ಒಂದು ಮಗ್ಗ, ಆಮೇಲೆ ನಾಲ್ಕು, ಆಮೇಲೆ ಬೀದಿಗೆ ಬೀದಿ. ನೋಡಲು ಬಂದವರಲ್ಲಿ ಎಷ್ಟೋ ಜನ ಗಡಬಡಿಸಿ ಎದ್ದರು. ಅಪ್ಪನೂ ಎದ್ದ. ದಿನವೂ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗುವ ಹಾಗೇ, ಅದೇ ದನಿಯಲ್ಲಿ, ಅಲ್ಲಿಂದಲೇ ಕೂಗಿದ: ‘ಕರೆಂಟು ಬಂತು ಕಣೋ! ಬಾರೋ!’

ಗೆರೆಯ ಹಿಂದೆ ನಿಂತಿದ್ದ ಅವನು ಏನು ಮಾಡಿದ ಗೊತ್ತೇ? ಚೆಂಡನ್ನು ಗೆರೆಯ ಮೇಲೆ ಮೆಲ್ಲಗೆ ಇಟ್ಟ. ಉರುಳದ ಹಾಗೆ ಕಾಲಿನಿಂದ ಒತ್ತಿ ನಿಲ್ಲಿಸಿದ. ಇಟ್ಟು, ಶೆಡ್ಡಿನ ಕಡೆ ನಡೆಯತೊಡಗಿದ.

ಹೊಸಕೋಟೆಯವರು ಬಾಯಿಬಿಟ್ಟು ನೋಡುತ್ತಾ ನಿಂತರು. ರೆಫರಿ ಸೀಟಿ ಊದಿದ. ಬೆಂಗಳೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ಯಾವ ಊರಿನ ಆಟಗಾರನೂ ಹಾಗೆ ಮಾಡುತ್ತಿರಲಿಲ್ಲ. ನಮ್ಮೂರಿನವರಿಗೆ ಮಾತ್ರ ಅದು ವಿಚಿತ್ರ ಅನ್ನಿಸಲಿಲ್ಲ. ಕರೆಂಟು ಬಂತು, ಕರೆದರು, ಹೊರಟ.

ಮೇಷ್ಟ್ರು ಟೈಮ್ ಔಟ್ ಕೇಳಿದರು. ನಾನು ಓಡಿಹೋಗಿ ಅವನ ತೋಳು ಹಿಡಿದೆ. ಅವನು ನನ್ನನ್ನು ನೋಡದೆ ಅಪ್ಪನನ್ನು ನೋಡುತ್ತಿದ್ದ. ಅಪ್ಪ ನನಗೆ ಕೈಸನ್ನೆ ಮಾಡಿ, ‘ನೀನ್ಯಾಕೋ ಬರ್ತೀಯ, ನೀನು ಆಡು. ನಾನು ಬಂದಿರೋದೇ ನಿನ್ನಾಟ ನೋಡಕ್ಕೆ’ ಎಂದ. ಪ್ರೀತಿಯಿಂದಲೇ ಹೇಳಿದ, ಅದೇ ನನಗೆ ಇವತ್ತಿಗೂ ನುಂಗಲಾಗದ್ದು. ನಾನು ಆಡಬಹುದು. ಎರಡು ಫ್ರೀ ಥ್ರೋ ಇದ್ದವನು ಮಗ್ಗಕ್ಕೆ ಹೋಗಬೇಕು.

‘ಅವನು ಬರಲ್ಲ ಅಪ್ಪಾ,’ ಎಂದೆ. ‘ಅವನ ಮಗ್ಗ ನಾನು ನಡೆಸ್ತೀನಿ. ನಡಿ.’

‘ಹುಚ್ಚು ಹಿಡಿದಿದೆಯಾ ನಿನಗೆ?’

‘ಹೂಂ, ಹಿಡಿದಿದೆ. ನಡಿ ಅಂದ್ನಲ್ಲ!’

ಅಪ್ಪನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಗೆಳೆಯನ ಕಡೆ ತಿರುಗಿ, ‘ಲೇ, ಹೋಗಿ ಹಾಕು. ಎರಡೂ ಹಾಕು’ ಎಂದೆ. ಅವನು ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಗೆರೆಯ ಕಡೆ ನಡೆದ. ಮೇಷ್ಟ್ರು ನನ್ನ ಬದಲಿಗೆ ಬೇರೊಬ್ಬನನ್ನು ಇಳಿಸಿದರು. ಇದನ್ನೇ ಈಗ ತ್ಯಾಗ ಅನ್ನುತ್ತಾರೆ. ಅದು ಅಪ್ಪನ ಮೇಲಿನ ರೋಷ. ಅದರ ಜೊತೆಗೆ ಇನ್ನೊಂದೂ ಇತ್ತು: ಇಷ್ಟು ಜನರೆದುರು ಎರಡನೆಯವನಾಗಿ ಗೆಲ್ಲುವುದಕ್ಕಿಂತ ಎದ್ದುಹೋಗಿ ದೊಡ್ಡವನಾಗುವುದು ಸುಲಭ ಎಂದು ಒಳಗೆ ಎಲ್ಲೋ ನನಗೆ ಗೊತ್ತಿತ್ತು.

ಬನಿಯನ್ನಿನ ಮೇಲೆ ನಂಬರು ಬರೆಸಿ ಮಾಡಿದ ಜರ್ಸಿಯಲ್ಲೇ ಹೋಗಿ ಅವನ ಎರಡು ಮಗ್ಗಗಳ ಮುಂದೆ ನಿಂತೆ. ಅಪ್ಪ ತನ್ನ ಮಗ್ಗದಿಂದ ಈ ಕಡೆ ತಿರುಗಿಯೂ ನೋಡಲಿಲ್ಲ. ಸ್ವಿಚ್ ಹಾಕಿದ ಮೇಲೆ ಹೊರಗಿನ ಒಂದು ಸದ್ದೂ ಕೇಳುವುದಿಲ್ಲ. ಫ್ರೀ ಥ್ರೋ ಬಿತ್ತೋ ಇಲ್ಲವೋ, ಗೆದ್ದೆವೋ ಸೋತೆವೋ, ಏನೂ ಗೊತ್ತಿಲ್ಲ. ಕಣ್ಣು ಬಾಗಿಲ ಕಡೆ, ಕೈ ಮಗ್ಗದ ಮೇಲೆ. ಬಲಗಡೆಯ ಮಗ್ಗಕ್ಕೆ ಒಂದು ಕೆಟ್ಟ ಚಾಳಿ ಇತ್ತು, ಅಡ್ಡ ಎಳೆ ಹೊತ್ತು ಅತ್ತಿತ್ತ ಓಡುವ ಲಾಳಿ ಆಗಾಗ ಒಂದು ಬದಿಯ ಪೆಟ್ಟಿಗೆಯೊಳಗೆ ಪೂರ್ತಿ ಹೋಗುತ್ತಿರಲಿಲ್ಲ. ಅವನು ಅಲ್ಲಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ, ಕಿವಿಯಲ್ಲೇ ಸದ್ದು ಗುರುತಿಸಿ, ಸರಿಯಾದ ಹೊತ್ತಿಗೆ ಮಗ್ಗ ನಿಲ್ಲಿಸುತ್ತಿದ್ದ. ಎರಡು ವರ್ಷ ಹಾಗೆ ನಡೆಸಿದ್ದ. ದೂರಲಿಲ್ಲ, ಹೇಳಲಿಲ್ಲ. ಮೂರಡಿ ಪಕ್ಕದ ಮಗ್ಗದಲ್ಲಿದ್ದ ನನಗೆ ಅದು ಗೊತ್ತೇ ಇರಲಿಲ್ಲ.

ಅರ್ಧ ಗಂಟೆ ಆಗಿತ್ತೇನೋ. ಲಾಳಿ ನೂಲಿನ ನಡುವೆ ಸಿಕ್ಕಿಕೊಂಡಿತು, ಎಳೆ ಒತ್ತುವ ಹಲಗೆ ಅದರ ಮೇಲೇ ಬಂದು ಬಡಿಯಿತು, ಸೀರೆಯ ಉದ್ದ ಎಳೆಗಳು ಇನ್ನೂರೋ ಮುನ್ನೂರೋ ಒಂದೇ ಏಟಿಗೆ ಕಡಿದು ಹೋದವು. ನಾನು ಮಗ್ಗ ನಿಲ್ಲಿಸಿ ತಲೆಯ ಮೇಲೆ ಕೈಹೊತ್ತು ನಿಂತೆ. ಅಪ್ಪ ಬಂದು ನೋಡಿ, ತನ್ನ ಮಗ್ಗಕ್ಕೆ ವಾಪಸ್ಸು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಜನ. ಗೆದ್ದಿದ್ದೆವು. ಅವನು ಎರಡೂ ಹಾಕಿದ್ದ, ಆಮೇಲೆ ಇನ್ನೂ ಮೂರು ಬಾಸ್ಕೆಟ್ ಹಾಕಿದ್ದ. ಬೆಂಗಳೂರಿನವರು ಅವನ ಹೆಸರು, ವಿಳಾಸ ಬರೆದುಕೊಂಡಿದ್ದರು. ಟೂರ್ನಮೆಂಟ್ ನಡೆಸಿದ ಹಿರಿಯರು ಶೆಡ್ಡಿನೊಳಗೇ ಬಂದರು, ಕೈಯಲ್ಲಿ ಶಾಲು. ಆ ಶಾಲು ಪಂದ್ಯದ ಅತ್ಯುತ್ತಮ ಆಟಗಾರನಿಗೆಂದು ತಂದಿದ್ದು. ‘ಆಟ ಯಾರು ಬೇಕಾದ್ರೂ ಆಡ್ತಾರೆ, ಇಂಥ ದೊಡ್ಡ ಮನಸ್ಸು ಯಾರಿಗಿದೆ? ಕೂಲಿಯವನಿಗಾಗಿ ಮಾಲೀಕನ ಮಗ!’ ಎಂದು ಅದನ್ನು ನನಗೆ ಹೊದಿಸಿಬಿಟ್ಟರು. ಚಪ್ಪಾಳೆ. ನಾನು ‘ಬೇಡ, ಇದು ಅವನದು’ ಅನ್ನಬಹುದಿತ್ತು. ಬಾಯಿಗೆ ಬೀಗ ಬಿದ್ದಿತ್ತು ಅಂತ ನೆಪ ಹೇಳುವುದಿಲ್ಲ. ಶಾಲು ಬೆಚ್ಚಗಿತ್ತು, ಹಿತವಾಗಿತ್ತು, ಇಟ್ಟುಕೊಂಡೆ.

ಅವನು ಆ ಗುಂಪಿನಲ್ಲಿ ಇರಲಿಲ್ಲ. ಆಮೇಲೆ ಒಳಗೆ ಬಂದವನು ಮೊದಲು ನೋಡಿದ್ದು ತನ್ನ ಮಗ್ಗವನ್ನು. ಮೊಣಕಾಲಿನಲ್ಲಿ ಕೋರ್ಟಿನ ದೂಳು, ಮೊಣಕೈಯಲ್ಲಿ ತರಚಿದ ಗಾಯ. ನೇರ ಹೋಗಿ ಕುಕ್ಕರುಗಾಲಲ್ಲಿ ಕೂತು ಕಡಿದ ಎಳೆಗಳನ್ನು ಒಂದೊಂದೇ ಹುಡುಕಿ ಗಂಟು ಹಾಕತೊಡಗಿದ. ಗೆದ್ದ ಖುಷಿ ಇನ್ನೂ ಮುಖದಲ್ಲಿತ್ತು. ನಾನು ಸಹಾಯಕ್ಕೆಂದು ಬಗ್ಗಿದೆ. ಶಾಲಿನ ಅಂಚು ಎಳೆಗಳಿಗೆ ತಗುಲಿ ಇನ್ನೂ ಎರಡು ಕಿತ್ತುಬಂದವು. ಅವನು ತಲೆ ಎತ್ತಿ ನಕ್ಕ, ಕೋರ್ಟಿನಲ್ಲಿ ನಗುವ ಹಾಗೇ:

‘ಏಳೋ ಲೇ, ನಿನ್ನ ಕೈಲಿ ಇದು ಆಗಲ್ಲ. ಆ ಶಾಲು ಬೇರೆ ಎಳ್ಕೊಂಡು ಬರ್ತೀಯ!’

ಶೆಡ್ಡಿನೊಳಗೆ ಅವನು ನನ್ನನ್ನು ‘ಲೇ’ ಎಂದಿದ್ದು ಅದೇ ಮೊದಲು. ಸುತ್ತ ಹತ್ತು ಜನ. ಹಿರಿಯರು. ಅಪ್ಪ. ಯಾರೋ ಕಿಸಕ್ಕನೆ ನಕ್ಕರು. ಅಷ್ಟು ದಿನ ಪಕ್ಕೆಗೆ ಗುದ್ದಿಸಿಕೊಂಡು, ಅರ್ಧ ಗಂಟೆ ಅವನ ಮಗ್ಗಕ್ಕೆ ನಿಂತು, ನಾನು ಏನೇನು ಬಿಟ್ಟುಕೊಟ್ಟೆ ಎಂದುಕೊಂಡಿದ್ದೆನೋ ಅದಷ್ಟನ್ನೂ ಒಂದೇ ಉಸಿರಿನಲ್ಲಿ ವಾಪಸ್ಸು ಕಿತ್ತುಕೊಂಡೆ.

‘ಯಾರ ಶೆಡ್ಡಲ್ಲಿ ನಿಂತು ಯಾರಿಗೆ ಲೇ ಅಂತಿದ್ದೀಯ? ಮಾತಲ್ಲಿ ನಿಗಾ ಇರ್ಲಿ.’

ಅವನ ಮುಖದಲ್ಲಿದ್ದ ನಗು ಹೋಯಿತು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿ, ಬರಲಿಲ್ಲ.

‘ಆಯ್ತಣ್ಣ,’ ಎಂದ. ಮತ್ತೆ ಗಂಟು ಹಾಕತೊಡಗಿದ.

ಹಿರಿಯರು ಕೆಮ್ಮಿ, ಕಾಫಿ ಕುಡಿದು ಹೋದರು. ಅವರಲ್ಲಿ ಒಬ್ಬರೂ ಆ ಮಾತನ್ನು ಹೊರಗೆ ಹೇಳಲಿಲ್ಲ. ಅವರಿಗೆ ಅದು ಹೇಳುವಂಥ ಮಾತೆಂದೇ ಅನ್ನಿಸಿರಲಿಕ್ಕಿಲ್ಲ. ಶಾಲಿನ ಕಥೆ ಮಾತ್ರ ಊರೆಲ್ಲ ಹರಡಿತು. ಅವನು ದೀಪ ಹಚ್ಚುವ ಹೊತ್ತಿನವರೆಗೂ ಕೂತು ಎಳೆಗಳನ್ನೆಲ್ಲ ಸೇರಿಸಿದ. ಸೋಮವಾರ ಸೀರೆಗಳು ಹೋದವು. ಎರಡು ವರ್ಷ ಆ ಕೆಟ್ಟ ಮಗ್ಗವನ್ನು ಕಿವಿಯಿಂದ ಕಾದವನು ಅವನು. ನಾನು ಕೆಡಿಸಿದ್ದನ್ನು ಫೈನಲ್ ಗೆದ್ದ ಸಂಜೆ ಕೂತು ಸರಿಮಾಡಿದವನು ಅವನು. ಅದನ್ನು ದೊಡ್ಡ ಮನಸ್ಸು ಅಂತ ಯಾರೂ ಅನ್ನಲಿಲ್ಲ. ಅದು ಕೂಲಿ. ನಾನು ಒಂದು ತಿಂಗಳು ಅಡ್ಡ ನಿಂತಿದ್ದು, ಅರ್ಧ ಗಂಟೆ ಮಗ್ಗ ನಡೆಸಿದ್ದು ಮಾತ್ರ ತ್ಯಾಗ. ಯೋಚಿಸಿದರೆ ಇವತ್ತಿಗೂ ಹಲ್ಲು ಕಚ್ಚುತ್ತೇನೆ.

ಅವನಿಗೆ ಕೆಲಸ ಸಿಕ್ಕಿತು. ಹೋಗುವ ಮೊದಲು ಬಲಗಡೆಯ ಮಗ್ಗದ ಚಾಳಿಯನ್ನು ನನಗೆ ತೋರಿಸಿಕೊಟ್ಟ, ಎಲ್ಲಿ ಕಿವಿ ಕೊಡಬೇಕು ಎಂದು ಎರಡೆರಡು ಸಲ. ವರ್ಷದ ಮೇಲೆ ಒಂದು ಭಾನುವಾರ ಶೆಡ್ಡಿಗೆ ಬಂದ. ಮೈಯಲ್ಲಿ ಕಾರ್ಖಾನೆಯ ತಂಡದ ಜರ್ಸಿ, ಕೈಯಲ್ಲಿ ಸ್ವೀಟಿನ ಪೊಟ್ಟಣ. ಕರೆಂಟು ಇರಲಿಲ್ಲ. ಕೋರ್ಟಿನಲ್ಲಿ ಹುಡುಗರು ಆಡುವ ಸದ್ದು ಕೇಳುತ್ತಿತ್ತು. ನಾನು ಎದುರಿಗೇ ಹೋದೆ, ಬೇಕೆಂದೇ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: ‘ಬಾರೋ ಲೇ! ನಡಿ, ಒಂದಾಟ ಆಡೋಣ. ನಾನು ಅಡ್ಡ ನಿಲ್ತೀನಿ, ನೀನು ಹಾಕು.’

ಅವನು ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು, ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ.

‘ಬೇಡಣ್ಣ,’ ಎಂದ. ‘ಅಮ್ಮ ಕಾಯ್ತಿರ್ತಾಳೆ. ಬರ್ತೀನಿ.’